ಮುಚ್ಚಳವಿಲ್ಲದ ಘನ

ಕಪ್ಪುಹಲಗೆಯ ಮೇಲೆ ಆರು ಚೌಕ,
ಕೈ ಚಾಚಿ ಬೋರಲು ಮಲಗಿದ ಹಾಗೆ.
"ಇದು ಘನ," ಎಂದೆ.
ಐದನೆಯ ತರಗತಿ ಘೊಳ್ಳೆಂದಿತು.
ನಗಲಿ. ಹಗ್ಗದ ಮೇಲೆ ಒಣಹಾಕಿದ ಅಂಗಿ ತೋರಿಸಿ
ಇವರೇ ನಮ್ಮ ಮಾವ ಎಂದರೆ
ಯಾರು ತಾನೆ ನಂಬುತ್ತಾರೆ?

ಓಜುರ್ಗೆತಿಯ ಈ ಶಾಲೆಯಲ್ಲಿ
ದಪ್ಪ ಹಾಳೆ ಮುಗಿದು ಎರಡು ವಾರ.
ಸಂತೆಯಿಂದ ಕಿತ್ತಳೆ ತುಂಬಿದ್ದ ರಟ್ಟಿನ ಪೆಟ್ಟಿಗೆಗಳನ್ನು ತಂದು
ಒಲೆಯ ಪಕ್ಕ ಕೂತು ಬಿಚ್ಚಿದೆವು.
ಕತ್ತರಿ ನಾಲ್ಕು, ಮಕ್ಕಳು ಹತ್ತೊಂಬತ್ತು.
ರಟ್ಟಿಗಿನ್ನೂ ಸಿಪ್ಪೆಯ ವಾಸನೆ;
ಗ್ವಾಂತ್ಸಾ ಮೂಸಿ ಮೂಸಿ ಅಳತೆ ಹಾಕುತ್ತಾಳೆ.

ಹರವು ಎನ್ನುತ್ತೇವೆ ಇದಕ್ಕೆ.
ಹೇಗೆ ಹರವಿದರೂ ಘನದ ಹರವು ಹನ್ನೊಂದೇ ಬಗೆ.
ಹನ್ನೆರಡನೆಯದನ್ನು ಹುಡುಕಿದವರಿಗೆ
ಒಂದು ಪೊಟ್ಟಣ ಹೇಜಲ್ ಬೀಜ ಎಂದು ಆಸೆ ತೋರಿಸಿದ್ದೇನೆ
(ಕೊಡಬೇಕಾಗಿ ಬರುವುದಿಲ್ಲ,
ನನ್ನ ಜೇಬನ್ನು ಗಣಿತವೇ ಕಾಯುತ್ತದೆ).
ಹನ್ನೊಂದರಲ್ಲಿ ಯಾವುದನ್ನೇ ತೆಗೆದುಕೊಳ್ಳಿ,
ಹನ್ನೆರಡು ಅಂಚಿನಲ್ಲಿ ಐದು ಮಡಿಕೆಯಾಗಿ ಉಳಿಯುತ್ತವೆ,
ಏಳು ಕತ್ತರಿಯ ಪಾಲು.
ಆ ಏಳಕ್ಕೂ ಒಂದೊಂದು ಕಿವಿ ಬಿಡಿ, ಅಂಟು ಹಚ್ಚಲಿಕ್ಕೆ.
ಮುಖಗಳ ಎಣಿಕೆಯಲ್ಲಿ ಕಿವಿಗಳಿಲ್ಲ,
ಒಳಗೆ ಹೋಗಿ ಕೂತರೆ ಇದ್ದದ್ದೇ ತಿಳಿಯದು.

ಸಂದ್ರೊ ಕಿವಿ ಬಿಡುವುದನ್ನು ಮರೆತ.
ಅವನ ಘನ ನೆಟ್ಟಗಿದೆ, ಆರು ಮುಖವೂ ಸರಿ,
ಎರಡು ಕೈಯಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ.
ಕೈ ಸಡಿಲಿಸಿದರೆ
ಮೆಲ್ಲಗೆ ಬಿಚ್ಚಿಕೊಂಡು ಮಲಗಿಬಿಡುತ್ತದೆ.
ಅವನು ಕೈ ಸಡಿಲಿಸಲಿಲ್ಲ.
ಮೂಗು ಸೋರಿದರೂ ಒರೆಸಲಿಲ್ಲ.

ಬಾಚುಕಿಯದು ಬೇರೆ ಕಥೆ.
ಸಾಲಾಗಿ ನಾಲ್ಕು ಚೌಕ, ಸರಿ.
ಉಳಿದೆರಡನ್ನೂ ಒಂದೇ ಮಗ್ಗುಲಿಗೆ ಅಂಟಿಸಿಕೊಂಡಿದ್ದಾನೆ.
ಮಡಿಸಿದರೆ ಒಂದರ ಮೇಲೊಂದು ಕೂರುತ್ತವೆ,
ಎದುರು ಬದಿ ಬಾಯಿ ತೆರೆದೇ ಇರುತ್ತದೆ.
ಕೆಂಪು ಪೆನ್ನು ತೆಗೆದು ಗೀಟು ಹಾಕಿದೆ.

ಆಗ ಬಾಗಿಲಲ್ಲಿ ಅವನ ಅಜ್ಜಿ ವೆನೆರಾ,
ಅವನು ಮರೆತ ಟೊಪ್ಪಿಗೆ ಹಿಡಿದು.
ಚಹಾ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಡಬ್ಬಿ ಮಡಿಸಿದವಳು.
ಕಾರ್ಖಾನೆ ಮುಚ್ಚಿ ಎಷ್ಟೋ ಕಾಲ,
ಅದರ ಛಾವಣಿಯಲ್ಲಿ ಈಗ ಅಂಜೂರದ ಗಿಡ.
ಬೆರಳುಗಳು ಮಾತ್ರ ಇನ್ನೂ ಪಾಳಿಗೆ ಹೋಗಿ ಬರುತ್ತವೆ.
ಮೇಜಿನ ಮೇಲಿನ ರಟ್ಟನ್ನು ಕೇಳದೆಯೇ ಎತ್ತಿಕೊಂಡಳು.
ಹೆಬ್ಬೆರಳಿನ ಉಗುರಿನಿಂದ ಒಂದು ಗೆರೆ, ಇನ್ನೊಂದು ಗೆರೆ,
ಏನಾಯಿತೆಂದು ನೋಡುವುದರೊಳಗೆ
ರಟ್ಟು ಎದ್ದು ನಿಂತಿತ್ತು.

"ಅಂಟು, ಬೆಬಿಯಾ?" ಎಂದಳು ಗ್ವಾಂತ್ಸಾ.
"ಯಾಕೆ? ಇಲ್ಲೊಂದು ಸೀಳು, ಅಲ್ಲೊಂದು ನಾಲಿಗೆ.
ನಾಲಿಗೆಯನ್ನು ಸೀಳಿನೊಳಗೆ ಇಟ್ಟುಕೊಂಡರೆ
ಮನೆಯೂ ನಿಲ್ಲುತ್ತದೆ, ಡಬ್ಬಿಯೂ ನಿಲ್ಲುತ್ತದೆ."

ನಾನು ವಿವರಿಸಿದೆ, ಪಾಠದ ದನಿಯಲ್ಲೇ:
ಇದು ತಪ್ಪು ಹರವು,
ತಳಕ್ಕೆ ಎರಡು ಪದರ, ಮೇಲೆ ಏನೂ ಇಲ್ಲ.
ಅವಳು ತಿರುಗಿಸಿ ನೋಡಿದಳು, ಒಳಗೆ ಇಣುಕಿದಳು,
ತಳವನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿದಳು.
"ಮೇಲೂ ಮುಚ್ಚಿಬಿಟ್ಟರೆ
ಚಹಾ ಎಲ್ಲಿಂದ ತುಂಬುತ್ತೀ, ಮಗಳೇ?"

ತರಗತಿ ಮತ್ತೆ ನಕ್ಕಿತು.
ಈ ಸಲ ಕಪ್ಪುಹಲಗೆಯನ್ನು ನೋಡಿ ಅಲ್ಲ.

ಘನವಲ್ಲ, ಎಂದೆ. ಹನ್ನೊಂದೇ, ಎಂದೆ.
ಅದರಲ್ಲಿ ರಾಜಿಯಿಲ್ಲ.
ಆದರೆ ಪೊಟ್ಟಣ ಬಿಚ್ಚಿ ಬಾಚುಕಿಯ ಡಬ್ಬಿಗೆ ಸುರಿದೆ:
ಎರಡು ಪದರದ ತಳ, ಜಗ್ಗಲಿಲ್ಲ.
ಕೆಂಪು ಗೀಟು ಒಳಮೈಗೆ ಹೋಗಿತ್ತು,
ಬೀಜಗಳ ಅಡಿಯಲ್ಲಿ.

ಟೊಪ್ಪಿಗೆಯನ್ನು ಮೊಮ್ಮಗನ ತಲೆಗೆ ಹಾಕಿ
ಹೊರಟ ವೆನೆರಾ ಸಂದ್ರೊನ ಬಳಿ ನಿಂತಳು.
ಅವನ ಉಗುರುಗಳು ಬೆಳ್ಳಗಾಗಿದ್ದವು.
"ಅಷ್ಟು ಬಿಗಿಯಾಗಿ ಹಿಡಿದಿದ್ದೀಯಲ್ಲ,
ಒಳಗೇನಿದೆ?"

"ಏನೂ ಇಲ್ಲ," ಎಂದ ಸಂದ್ರೊ,
"ಬಿಟ್ಟರೆ ಅದೂ ಹೋಗುತ್ತದೆ."